ದಿಂಡಿಯ ದಾರಿಯಲ್ಲಿ ಬಿಪಿ ಗುಳಿಗಿ

ಆಷಾಢ ಏಕಾದಶಿ ಹತ್ತಿರ ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯಿಂದ ಪಂಢರಪುರಕ್ಕೆ ಭಕ್ತರ ಕಾಲ್ನಡಿಗೆಯ ದಿಂಡಿಗಳು ಹೊರಡುತ್ತವೆ. ತಾಳ ಹಿಡಿದು ನಡೆಯುವ ಹಿರಿಯರಲ್ಲಿ ಬಿಪಿ ಗುಳಿಗಿ ನುಂಗುವವರೂ ಇರುತ್ತಾರೆ. ‘ಗುಳಿಗಿ ನುಂಗಿ ನುಂಗಿ ಎದಿ ಸೋತೈತಿ’ ಎಂಬ ಅಂಜಿಕೆ ಅವರನ್ನು ಕಾಡುವುದುಂಟು.

ಎದೆಯನ್ನು ಸೋಲಿಸುವುದು ಗುಳಿಗಿಯಲ್ಲ, ಏರಿದ ಒತ್ತಡ. ವರ್ಷಗಟ್ಟಲೆ ಅದಕ್ಕೆ ಎದುರಾಗಿ ರಕ್ತ ತಳ್ಳುವ ಹೃದಯದ ಎಡ ಕೋಣೆಯ ಗೋಡೆ ದಪ್ಪಗಾಗುತ್ತದೆ. ತೋಳಿನ ಸ್ನಾಯು ದಪ್ಪಗಾದರೆ ಬಲ ಬರುತ್ತದೆ, ಇಲ್ಲಿ ಹಾಗಲ್ಲ. ಬಿರುಸಾದ ಗೋಡೆ ಸಡಿಲಿಸಿ ರಕ್ತ ತುಂಬಿಕೊಳ್ಳಲಾರದೆ, ಏರು ಹತ್ತುವಾಗ ದಮ್ಮು ಬರುತ್ತದೆ. ಟೆಲ್ಮಿಸಾರ್ಟಾನ್, ಅಮ್ಲೋಡಿಪಿನ್‌ನಂಥ ಗುಳಿಗಿಗಳನ್ನು ತಪ್ಪದೆ ತೆಗೆದುಕೊಂಡು ಒತ್ತಡ ಹಿಡಿತಕ್ಕೆ ಬಂದರೆ, ಆ ದಪ್ಪ ತಿಂಗಳುಗಳಲ್ಲಿ, ವರ್ಷಗಳಲ್ಲಿ ಕರಗುತ್ತ ಬರುತ್ತದೆ. ಅಮ್ಲೋಡಿಪಿನ್‌ನಿಂದ ಕೆಲವರ ಪಾದ ಬಾಯುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಕೆಳಗಿಳಿಯುವುದು ಅದಕ್ಕೆ ಕಾರಣ. ಆದರೆ ಬಾವಿನ ಜೊತೆ ಉಬ್ಬಸವೂ ಇದ್ದರೆ ವೈದ್ಯರಿಗೆ ತೋರಿಸಲೇಬೇಕು.

ಹಿರಿಯರ ಅಂಜಿಕೆಯಲ್ಲಿ ಒಂದು ಪಾಲು ನಿಜವೂ ಇದೆ. ಬಿಪಿ ಗುಳಿಗಿಗಳಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಗುಂಪಿನವು. ಅಡ್ರಿನಾಲಿನ್ ‘ಓಡು’ ಎಂದು ಕೂಗಿದರೂ ಹೃದಯಕ್ಕೆ ಅದು ಪೂರ್ತಿ ಕೇಳದಂತೆ ಇವು ತಡೆಯುತ್ತವೆ. ಜೋರಾಗಿ ನಡೆದರೂ ನಾಡಿ ಮೊದಲಿನಷ್ಟು ಏರುವುದಿಲ್ಲ. ಪ್ರತಿ ಬಡಿತಕ್ಕೂ ತುಸು ಹೆಚ್ಚು ರಕ್ತ ಹೊರಹಾಕಿ ಹೃದಯ ಈ ಕೊರತೆ ತುಂಬಲು ನೋಡುತ್ತದೆ, ಆದರೂ ಕಾಲು ಬೇಗ ಸೋಲಬಹುದು. ಹಾಗಾಗಿ 220ರಿಂದ ವಯಸ್ಸು ಕಳೆದು ನಾಡಿಯ ಗುರಿ ಹಾಕುವ ಲೆಕ್ಕ ಈ ಗುಳಿಗಿ ನುಂಗುವವರಿಗೆ ಸಲ್ಲದು. ದಿಂಡಿಯಲ್ಲಿ ಅದಕ್ಕಿಂತ ಒಳ್ಳೆಯ ಅಳತೆ ಇದೆ: ಪಕ್ಕದವರೊಡನೆ ಮಾತಾಡಲು ಬರುತ್ತದೆ, ಅಭಂಗ ಹಾಡಲು ಉಸಿರು ಸಾಲದು ಎಂದಾದರೆ ಶ್ರಮ ಹದವಾಗಿದೆ. ಮಾತೂ ತುಂಡಾದರೆ ನಿಧಾನಿಸಬೇಕು. ಒಮ್ಮೆಲೇ ನಿಲ್ಲಬಾರದು. ಹಿಗ್ಗಿದ ನಾಳಗಳಲ್ಲಿ ರಕ್ತ ಕಾಲಿಗಿಳಿದು ಚಕ್ಕರ್ ಬರಬಹುದು.

ಸುಸ್ತೆಂದು ಬೀಟಾ ಬ್ಲಾಕರನ್ನು ತಾವಾಗಿಯೇ ಬಿಡುವುದು ದೊಡ್ಡ ಅಪಾಯ. ಅಡಗಿಸಿಟ್ಟ ಅಡ್ರಿನಾಲಿನ್ ಒಮ್ಮೆಗೇ ಹೃದಯದ ಮೇಲೆರಗಿ ಒತ್ತಡ, ಬಡಿತ ಎರಡೂ ಜಿಗಿಯುತ್ತವೆ. ಸುಸ್ತನ್ನು ವೈದ್ಯರಿಗೆ ಹೇಳಿದರೆ ಬೇರೆ ಗುಳಿಗಿಗೆ ಬದಲಿಸುವ ದಾರಿಗಳಿವೆ.

ನನಗೆ ಹೆಚ್ಚು ಚಿಂತೆ ಬೇರೊಂದರದು. ಎರಡನೆಯ ದಿನ ಮೊಣಕಾಲು ನೋಯತೊಡಗಿದಾಗ ದಾರಿಯ ಅಂಗಡಿಯಲ್ಲಿ ಕೊಳ್ಳುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗಿಗಳು ಉಪ್ಪು-ನೀರನ್ನು ಮೈಯಲ್ಲೇ ಹಿಡಿದಿಟ್ಟು ಬಿಪಿ ಏರಿಸುತ್ತವೆ. ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಗುಳಿಗಿ ಎರಡನ್ನೂ ನುಂಗುವವರು ಬೆವರಿ ಬಾಯಾರಿದಾಗ ಇವನ್ನೂ ನುಂಗಿದರೆ ಮೂತ್ರಪಿಂಡಕ್ಕೇ ಪೆಟ್ಟು. ಹೊರಡುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ ನೋಡಿಸಿ, ನೋವಿಗೆ ಯಾವ ಗುಳಿಗಿ ಎಂಬುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.