ಡಿಸ್ಕ್ ಸತ್ತಿಲ್ಲರೀ, ಹೊಟ್ಟಿ ತುಂಬೈತಿ!

ಬೈಲಹೊಂಗಲ: ತಿಂಗಳ 20ನೇ ತಾರೀಖು ಸಮೀಪಿಸಿತೆಂದರೆ ನಮ್ಮ ಪೇಟೆಯ ಅಂಗಡಿಕಾರರ ಮುಖ ನೋಡುವಂತಿಲ್ಲ. ತಿಂಗಳಾ ಲೆಕ್ಕ ಕೊಡುವವರು ಅಂದು ಜಿಎಸ್‌ಟಿ 3ಬಿ ತುಂಬಬೇಕು. ತೆರಿಗೆ ಬಾಕಿ ಇದ್ದವರು ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ಸರಿಯಾಗಿ ಇಂಥ ಹೊತ್ತಿಗೇ ಲ್ಯಾಪ್‌ಟಾಪ್ ಮೊಂಡು ಬೀಳುತ್ತದೆ. ಗುಂಡಿ ಒತ್ತಿ, ಎದುರಿನ ಹೋಟೆಲ್ಲಿಗೆ ಹೋಗಿ, ಚಹಾ ಕುಡಿದು, ಎಲಿ ಅಡಿಕಿ ಹಾಕಿಕೊಂಡು ಬಂದರೂ ಪರದೆಯ ಮೇಲೆ ಅದೇ ಚಕ್ರ ಗಿರಗಿರ!

“ಎಸ್‌ಎಸ್‌ಡಿ ಹಾಕ್ಸ್ರಿ, ರಾಕೆಟ್ ಆಕ್ಕೈತಿ ಅಂದಿದ್ರು. ಎರಡ ವರ್ಷದಾಗ ಎತ್ತಿನ ಗಾಡಿ ಆತು ನೋಡ್ರಿ” ಎಂದು ಕಿರಾಣಿ ವ್ಯಾಪಾರಿಯೊಬ್ಬರು ಮೊನ್ನೆ ಅಲವತ್ತುಕೊಂಡರು. ರಿಪೇರಿಯವನು ಮುಚ್ಚಳ ತೆರೆದು ನೋಡಿದ್ದೇ ತಡ, ಡಿಸ್ಕ್ ಹೋಗೈತಿ, ಹೊಸಾದು ಹಾಕ್ಸ್ರಿ, ಇಲ್ಲಾಂದ್ರ ಫಾರ್ಮ್ಯಾಟ್ ಹೊಡೀತೀನಿ ಅಂದನಂತೆ. ನಾವು ಈ ವಿದ್ಯೆಯ ಪಂಡಿತರಲ್ಲ. ಆದರೆ ನಮ್ಮ ಮನೆಯ ಯಂತ್ರಕ್ಕೂ ಇದೇ ರೋಗ ಬಂದು, ನಾಲ್ಕು ಮಂದಿಯನ್ನು ಕೇಳಿ, ಒಂದಿಷ್ಟು ಕಲಿತವರು. ಅವರ ಲ್ಯಾಪ್‌ಟಾಪಿನಲ್ಲಿ ‘ದಿಸ್ ಪಿಸಿ’ ತೆರೆದು ನೋಡಿದರೆ ಸಿ ಡ್ರೈವಿನ ಗೆರೆ ಕೆಂಪಗೆ ಉರಿಯುತ್ತಿತ್ತು. 256 ಜಿಬಿಯ ಡಿಸ್ಕಿನಲ್ಲಿ ಉಳಿದದ್ದು ಬರೀ 6 ಜಿಬಿ!

ಇದರ ಮರ್ಮ ಇಷ್ಟು. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿತ್ತು, ಗ್ರಾಮೋಫೋನಿನ ಮುಳ್ಳಿನಂಥ ಒಂದು ಕೈ ಅದರ ಮೇಲೆ ಓಡಾಡುತ್ತಿತ್ತು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ. ಕಣ್ಣಿಗೆ ಕಾಣದ ಕೋಣೆಗಳಲ್ಲಿ ವಿದ್ಯುತ್ ಕಣ ಕೂಡಿಹಾಕಿ ಲೆಕ್ಕ ಉಳಿಸುವ ಚಿಪ್ ಅದು. ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ ಎಂಬ ಎಂಜಿನಿಯರು 1984ರಲ್ಲಿ ಜಗತ್ತಿನ ಮುಂದಿಟ್ಟ ವಿದ್ಯೆ. ತಿರುಗುವ ತಟ್ಟೆ ಸೆಕೆಂಡಿಗೆ ಸುಮಾರು 100-150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 550ರ ತನಕ ಓದುತ್ತದೆ. ಎನ್‌ವಿಎಂಇ ಎಂಬ ಕಡ್ಡಿಯಂಥದ್ದು 3,000 ದಾಟಿಯೂ ಓಡುತ್ತದೆ.

ಆದರೆ ಇದಕ್ಕೊಂದು ಹಟ ಇದೆ. ಬರೆದ ಜಾಗದ ಮೇಲೆ ಮತ್ತೆ ಬರೆಯಲು ಬಿಡುವುದಿಲ್ಲ. ನಾವು ಸಾಲಿಗೆ ಒಯ್ಯುತ್ತಿದ್ದ ಪಾಟಿ ನೆನಪು ಮಾಡಿಕೊಳ್ಳಿ. ಅದರಲ್ಲಿ ಒಂದೇ ಅಕ್ಷರ ಒರೆಸಲು ಬರುವುದಿಲ್ಲ, ಒರೆಸಿದರೆ ಇಡೀ ಪಾಟಿಯನ್ನೇ ಒರೆಸಬೇಕು ಎಂದು ಮಾಸ್ತರರು ಕಟ್ಟಪ್ಪಣೆ ಮಾಡಿದ್ದರೆ ಹ್ಯಾಂಗ? ಬೇಕಾದ ಅಕ್ಷರಗಳನ್ನು ಮೊದಲು ಬೇರೆ ಖಾಲಿ ಪಾಟಿಗೆ ಇಳಿಸಿಕೊಂಡು, ಆಮೇಲೆ ಇದನ್ನು ಒರೆಸಬೇಕು. ಎಸ್‌ಎಸ್‌ಡಿ ಹಗಲೂ ರಾತ್ರಿ ಮಾಡುವ ಕೆಲಸ ಇದೇ. ಖಾಲಿ ಪಾಟಿ ಸಾಕಷ್ಟು ಇದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಇಲ್ಲದಿದ್ದರೆ ಭರತ ಹುಣ್ಣಿಮೆಯ ದಿನ ಎಲ್ಲಮ್ಮನ ಗುಡ್ಡದ ದಾರಿಯಂತೆ! ಮುಂದೆ ಹೋಗಾಕೂ ಜಾಗ ಇಲ್ಲ, ಗಾಡಿ ತಿರಗಸಾಕೂ ಜಾಗ ಇಲ್ಲ. ಅದಕ್ಕೇ ಡಿಸ್ಕಿನ ಶೇಕಡಾ 15-20 ಭಾಗ ಸದಾ ಖಾಲಿ ಇಡಬೇಕೆಂದು ತಿಳಿದವರು ಹೇಳುವುದು.

ಕಿರಾಣಿಯವರ ಡಿಸ್ಕಿನಲ್ಲಿ ಏನು ತುಂಬಿತ್ತು ಅನ್ನುತ್ತೀರಾ? ಲೆಕ್ಕದ್ದು 2 ಜಿಬಿಯೂ ಇರಲಿಲ್ಲ. ಮಗನ ಸಿನಿಮಾಗಳು, ವಾಟ್ಸಾಪ್‌ನಿಂದ ಇಳಿದ ಅಡಾವುಡಿ, ಮೂರು ವರ್ಷದ ‘ಡೌನ್‌ಲೋಡ್ಸ್’, ರಿಸೈಕಲ್ ಬಿನ್ನಿನಲ್ಲಿ ಕೊಳೆಯುತ್ತಿದ್ದ ಕಸ. ಬೇಕಾದದ್ದನ್ನು ಹೊರಗಿನ ಡಿಸ್ಕಿಗೆ ಇಳಿಸಿದೆವು. ಉಳಿದದ್ದನ್ನು ಅಳಿಸಿದೆವು. ‘ಸೆಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರೊಳಗೆ ‘ಸ್ಟೋರೇಜ್’, ಅಲ್ಲಿ ‘ಟೆಂಪರರಿ ಫೈಲ್ಸ್’. ಅಲ್ಲಿಂದಲೂ ಬುಟ್ಟಿಗಟ್ಟಲೆ ಕಸ ಹೋಯಿತು. ಬಳಿಕ ‘ಆಪ್ಟಿಮೈಜ್ ಡ್ರೈವ್ಸ್’ ಒತ್ತಿದೆವು. ಇದು ಹಳೆ ಕಾಲದ ಡಿಫ್ರಾಗ್ ಅಲ್ಲ. ಎಸ್‌ಎಸ್‌ಡಿಗಾದರೆ ಅದು ಟ್ರಿಮ್ ಎಂಬ ಸಂದೇಶ ಕಳಿಸುತ್ತದೆ, ‘ಈ ಜಾಗ ಇನ್ನು ಬೇಡ, ಒರೆಸಿಟ್ಟುಕೋ’ ಎಂದು. ಇಷ್ಟರಲ್ಲೇ ಅವರ ಗಾಡಿ ಹಳಿಗೆ ಬಂತು. ಖರ್ಚು ಎರಡು ಕಪ್ ಚಹಾ, ಅದೂ ಅವರದೇ.

ಎಲ್ಲ ನಿಧಾನಕ್ಕೂ ಡಿಸ್ಕೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಗುಂಡಿ ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ಬರುತ್ತದೆ. ಅಲ್ಲಿ ‘ಮೆಮೊರಿ’ ಶೇಕಡಾ 90ರ ಮೇಲೆ ಕೂತಿದ್ದರೆ ಕಳ್ಳ ಅವನೇ. 4 ಜಿಬಿ ರ್‍ಯಾಮಿನ ಯಂತ್ರ ಹಿಡಿಸಲಾರದ್ದನ್ನೆಲ್ಲ ಡಿಸ್ಕಿಗೆ ತುರುಕುತ್ತದೆ, ಬೈಗಳ ಮಾತ್ರ ಡಿಸ್ಕಿಗೆ. ಎರಡೆರಡು ಆಂಟಿವೈರಸ್ ಹಾಕಿಸಿಕೊಂಡ ಪುಣ್ಯಾತ್ಮರೂ ಇದ್ದಾರೆ. ಸವದತ್ತಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗನದು ಇನ್ನೊಂದು ಕಥೆ. ಲ್ಯಾಪ್‌ಟಾಪನ್ನು ಕೌದಿಯ ಮೇಲಿಟ್ಟು ಓದುತ್ತಾನಂತೆ. ಗಾಳಿ ಕಂಡಿ ಮುಚ್ಚಿ ಒಳಗೆ ಕಾವು. ಎನ್‌ವಿಎಂಇ ಕಡ್ಡಿಗಳು 70-80 ಡಿಗ್ರಿ ಮುಟ್ಟಿದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ, ಸುಟ್ಟು ಹೋಗಬಾರದೆಂದು. ಕೌದಿ ಬಿಟ್ಟು ಹಲಗೆ ಹಿಡಿ ಎಂದೆವು.

ಕಿತ್ತೂರಿನ ಫೋಟೋ ಸ್ಟುಡಿಯೋದವರ ತಕರಾರು ಬೇರೆ. ಮದುವೆ ವಿಡಿಯೋ, ಅಕ್ಟೋಬರಿನ ಕಿತ್ತೂರು ಉತ್ಸವದ ವಿಡಿಯೋ ಏರಿಸುವಾಗ ಮೊದಲೈದು ನಿಮಿಷ ಗಾಳಿಯಂತೆ ಓಡಿ, ಆಮೇಲೆ ಹಳೇ ತಟ್ಟೆ ಡಿಸ್ಕಿಗಿಂತ ಕಡೆ! ಅಗ್ಗದ ಎಸ್‌ಎಸ್‌ಡಿಗಳ ಗುಣವೇ ಇದು. ಬಂದ ಮಾಲನ್ನು ಮೊದಲು ಪಡಸಾಲೆಯಲ್ಲಿ ದಬದಬ ಇಳಿಸಿಕೊಂಡು, ಪುರುಸೊತ್ತಿನಲ್ಲಿ ಒಳಗಿನ ಕೋಣೆಗೆ ಹೊಂದಿಸಿಡುತ್ತವೆ. ಪಡಸಾಲೆ ತುಂಬಿದರೆ ಒಂದೊಂದೇ ಚೀಲ ಒಳಗೆ ಹೊರಬೇಕು. ಡಿಸ್ಕ್ ತುಂಬಿದಷ್ಟೂ ಪಡಸಾಲೆ ಸಣ್ಣದಾಗುತ್ತದೆ. ತುಸು ಹೊತ್ತು ಯಂತ್ರವನ್ನು ಚಾಲೂ ಇಟ್ಟು ಸುಮ್ಮನೆ ಬಿಟ್ಟರೆ ಮತ್ತೆ ಹಾದಿ ತೆರೆಯುತ್ತದೆ.

ದೊಡ್ಡ ಕಂಪನಿಯವರೂ ಎಡವಿದ್ದುಂಟು. ಸ್ಯಾಮ್‌ಸಂಗಿನ 840 ಇವೊ ಎಂಬ ಎಸ್‌ಎಸ್‌ಡಿಯಲ್ಲಿ ಹಳೆಯ ಫೈಲುಗಳನ್ನು ಓದುವುದು ಬಹಳ ನಿಧಾನವಾಗುತ್ತದೆಂದು 2014ರಲ್ಲಿ ಗಿರಾಕಿಗಳು ಗಲಾಟೆ ಎಬ್ಬಿಸಿದರು. ಕಂಪನಿ ತಪ್ಪು ಒಪ್ಪಿ ಅದೇ ಅಕ್ಟೋಬರಿನಲ್ಲಿ ತಿದ್ದುಪಡಿ ಬಿಟ್ಟಿತು, ಅದೂ ಸಾಲದೆ 2015ರಲ್ಲಿ ಇನ್ನೊಂದು ಬಿಟ್ಟಿತು. ಡಿಸ್ಕ್ ಕಂಪನಿಯ ಫರ್ಮ್‌ವೇರ್ ಹೊಸದು ಬಂದಿದೆಯೇ ಎಂದು ನೋಡುವುದು ಅದಕ್ಕೇ.

ನಿಜವಾಗಿಯೂ ಡಿಸ್ಕ್ ಸಾಯುವುದೂ ಉಂಟು. ಹಳೆಯದು ಸಾಯುವ ಮುಂಚೆ ಕಟಕಟ ಅನ್ನುತ್ತಿತ್ತು, ಇದು ಸದ್ದಿಲ್ಲದೆ ಹೋಗುತ್ತದೆ. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಪುಕ್ಕಟೆ ತಂತ್ರಾಂಶ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ನೀಲಿ ಬಣ್ಣ ಹೋಗಿ ಹಳದಿಯೋ ಕೆಂಪೋ ಕಂಡರೆ ಬೇರೆ ಯಾವ ಔಷಧಿಗೂ ಕೈ ಹಾಕಬೇಡಿ, ಮೊದಲು ಲೆಕ್ಕ ನಕಲು ಮಾಡಿಕೊಳ್ಳಿ.

ಈ ‘ಮೊದಲು’ ಎಂಬ ಮಾತಿಗಾಗಿಯೇ ಇಷ್ಟೆಲ್ಲ ಬರೆದದ್ದು. ರಾಮದುರ್ಗದ ಬಟ್ಟೆ ವ್ಯಾಪಾರಿಯೊಬ್ಬರು ನಮಗೆ ಪರಿಚಿತರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಅವರ ಖಾತೆ ಕೀರ್ದಿ ಎಲ್ಲ ನೆನೆದು ಮುದ್ದೆಯಾದವು. “ಇನ್ನ ಕಾಗದದ ಸಹವಾಸ ಬ್ಯಾಡ” ಎಂದು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಏರಿಸಿದರು. ಹೋದ ವರ್ಷ ಅದು ನಿಧಾನವಾಯಿತು. ಒಯ್ದು ಕೊಟ್ಟರು. ಕೊಟ್ಟಲ್ಲಿ ‘ಡೆಸ್ಕ್‌ಟಾಪ್ ಮ್ಯಾಲಿಂದು ಎಲ್ಲಾ ತಗದಿಟ್ಟೇನ್ರೀ’ ಎಂದು ಫಾರ್ಮ್ಯಾಟ್ ಹೊಡೆದರು. ಟ್ಯಾಲಿಯ ಲೆಕ್ಕ ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ, ತನ್ನದೇ ಬೇರೆ ಫೋಲ್ಡರಿನಲ್ಲಿ ಇರುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹಳೆಯ ತಟ್ಟೆ ಡಿಸ್ಕ್ ಆಗಿದ್ದರೆ ಅಳಿಸಿದ್ದನ್ನೂ ಎಷ್ಟೋ ಸಲ ಕೆದಕಿ ತೆಗೆಯಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಹೊಡೆದೊಡನೆ ಆ ಟ್ರಿಮ್ ಸಂದೇಶ ಇಡೀ ಡಿಸ್ಕಿಗೆ ಹೋಗುತ್ತದೆ, ಪಾಟಿ ಒರೆಸಿ ಹೋಗುತ್ತದೆ. ಹುಬ್ಬಳ್ಳಿಗೆ ಒಯ್ದರು, ಬೆಳಗಾವಿಗೂ ಒಯ್ದರು. ಸಿಗಲಿಲ್ಲ.

ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾದಿಡಬೇಕು. ಅವರ ಪುಣ್ಯಕ್ಕೆ ನೆರೆಯ ನಂತರದ ಬಿಲ್ಲಿನ ಕಟ್ಟುಗಳನ್ನು ಅವರ ಹೆಂಡತಿ ಅಟ್ಟದ ಮೇಲೆ ಕಟ್ಟಿಟ್ಟಿದ್ದರು. ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪ ಓದುತ್ತಾರೆ, ಮಗಳು ಬೆರಳಚ್ಚು ಮಾಡುತ್ತಾಳೆ. ಕಳೆದ ವಾರ ಕೇಳಿದಾಗ 2022ರ ದೀಪಾವಳಿಯ ಬಿಲ್ಲುಗಳು ನಡೆದಿದ್ದವು.