ಸಂಪಿಗೊಂದು ಕೋಲು, ಮೋಟಾರಿಗೊಂದು ಗಡಿಯಾರ: ಮನೆಯ ತಿಂಗಳ ನೀರಿನ ಲೆಕ್ಕ

ತಿಂಗಳಿಗೆ ಎಷ್ಟು ನೀರು ಖರ್ಚಾಗುತ್ತದೆ ಎಂದು ಕೇಳಿದರೆ ಬೆಂಗಳೂರಿನ ಹಲಸೂರಿನವರು ಜಲಮಂಡಳಿಯ ಬಿಲ್ ತೆಗೆದು ತೋರಿಸುತ್ತಾರೆ. ಕೆ.ಆರ್. ಪುರದ ಕಡೆಯವರು ಎಷ್ಟು ಟ್ಯಾಂಕರ್ ಹಾಕಿಸಿದೆವೆಂದು ಹೇಳುತ್ತಾರೆ. ಎರಡೂ ಅರ್ಧ ಲೆಕ್ಕವೇ. ಬಿಲ್ಲಿನಲ್ಲಿ ಬೋರ್ ನೀರು ಸೇರುವುದಿಲ್ಲ, ಟ್ಯಾಂಕರ್ ಲೆಕ್ಕದಲ್ಲಿ ಜಲಮಂಡಳಿಯ ಕಾವೇರಿ ನೀರು ಸೇರುವುದಿಲ್ಲ. ಬಹುಪಾಲು ಮನೆಗಳಲ್ಲಿ ಮೂರೂ ಬಂದು ಬೀಳುವುದು ನೆಲದಡಿಯ ಒಂದೇ ಸಂಪಿಗೆ. ಲೆಕ್ಕ ಹಿಡಿಯಬೇಕಾದ್ದು ಅಲ್ಲಿಂದಲೇ.

ಮೊದಲು ಒಂದು ಅಂದಾಜು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನೀರು ಪೂರೈಕೆಯ ಯೋಜನೆ ಹಾಕುವಾಗ ಇಟ್ಟುಕೊಳ್ಳುವ ಮಾನದಂಡ. ನಾಲ್ಕು ಜನರ ಮನೆಗೆ ತಿಂಗಳಿಗೆ 16,200 ಲೀಟರ್ ಆಯಿತು. ಬಿಲ್ಲಿನ ಭಾಷೆಯಲ್ಲಿ ಇದು 16.2 ಕಿಲೋಲೀಟರ್, ಅಂದರೆ ಸಾವಿರ ಲೀಟರಿನ ಹದಿನಾರು ಚಿಲ್ಲರೆ ಟ್ಯಾಂಕ್. ನಿಮ್ಮ ಮನೆಯ ಖರ್ಚು ಇದಕ್ಕಿಂತ ಕಡಿಮೆಯೋ ಹೆಚ್ಚೋ ಎಂದು ತಿಳಿಯಬೇಕಾದರೆ ಅಳೆಯಲೇಬೇಕು.

ಜಲಮಂಡಳಿಯ ಮೀಟರ್ ಓದುವುದು ಸುಲಭ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಕಿಲೋಲೀಟರ್, ಕೆಂಪು ಅಂಕಿ ಅಥವಾ ಮುಳ್ಳುಗಳು ಅದಕ್ಕಿಂತ ಸಣ್ಣ ಲೆಕ್ಕ. ಹೋದ ತಿಂಗಳು 482, ಈ ತಿಂಗಳು 498 ಇದ್ದರೆ 16 ಕಿಲೋಲೀಟರ್ ನೀರು ಬಂದಿದೆ. 'ಬಂದಿದೆ' ಎಂದೆ, 'ಖರ್ಚಾಗಿದೆ' ಎನ್ನಲಿಲ್ಲ. ನಮ್ಮಲ್ಲಿ ಮೀಟರ್ ಇರುವುದು ಸಂಪಿಗಿಂತ ಮುಂಚೆ. ಕಾವೇರಿ ನೀರು ಬಿಟ್ಟಾಗ ಮಾತ್ರ ಅದು ತಿರುಗುತ್ತದೆ. 'ಮನೆಯ ನಲ್ಲಿಯೆಲ್ಲ ಮುಚ್ಚಿ ಮೀಟರ್ ತಿರುಗುತ್ತದೆಯೇ ನೋಡಿ, ಸೋರಿಕೆ ಗೊತ್ತಾಗುತ್ತದೆ' ಎಂಬ ಸಲಹೆಯನ್ನು ನೀವು ಕೇಳಿರಬಹುದು. ಸಂಪು ಇರುವ ಮನೆಗೆ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ಖರ್ಚು ತಿಳಿಯುವುದು ಹೇಗೆ? ಮೋಟಾರಿನಿಂದ. ಛಾವಣಿಯ ಸಾವಿರ ಲೀಟರಿನ ಸಿಂಟೆಕ್ಸ್ ಖಾಲಿಯಾದ ಒಂದು ದಿನ, ಯಾವ ನಲ್ಲಿಯನ್ನೂ ತೆರೆಯದೆ ಮೋಟಾರ್ ಹಾಕಿ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. 25 ನಿಮಿಷವಾದರೆ ನಿಮ್ಮ ಮೋಟಾರು ನಿಮಿಷಕ್ಕೆ 40 ಲೀಟರ್ ಎತ್ತುತ್ತದೆ ಎಂದಾಯಿತು. ಆಮೇಲೆ ಮೋಟಾರ್ ಓಡಿದ ನಿಮಿಷಗಳನ್ನು ಸ್ವಿಚ್ಚಿನ ಪಕ್ಕದ ಕ್ಯಾಲೆಂಡರಿನಲ್ಲಿ ಬರೆದರೆ ಸಾಕು. ದಿನಕ್ಕೆ ಸರಾಸರಿ 15 ನಿಮಿಷ ಓಡಿದರೆ 600 ಲೀಟರ್, ತಿಂಗಳಿಗೆ 18,000. ದಿನಾ ಬರೆಯುವುದು ಬೇಸರವೆನ್ನುತ್ತೀರಾ? ಭಾನುವಾರ ಸೇರಿದಂತೆ ಒಂದು ವಾರ ಬರೆಯಿರಿ, ನಾಲ್ಕೂಕಾಲರಿಂದ ಗುಣಿಸಿ. ನೆಂಟರಿದ್ದ ವಾರ ಬೇಡ. ಟ್ಯಾಂಕ್ ತುಂಬಿ ಹರಿದು ಚರಂಡಿ ಸೇರಿದ ನೀರೂ ಈ ಲೆಕ್ಕದಲ್ಲಿ ಬರುತ್ತದೆ; ಬರಬೇಕಾದ್ದೇ. ಬೋರ್ ನೀರು ನೇರವಾಗಿ ಮೇಲಿನ ಟ್ಯಾಂಕಿಗೆ ಹತ್ತುವುದಾದರೆ ಆ ಪಂಪಿಗೂ ಹೀಗೇ ಬೇರೆ ಲೆಕ್ಕ ಇಡಿ. ಸಂಪಿನ ಮೇಲೆ ನೇರ ಕಾವೇರಿ ನಲ್ಲಿ ಇದ್ದರೆ ಅಲ್ಲಿ ಹಿಡಿದ ಕೊಡಗಳನ್ನೂ ಸೇರಿಸಿ.

ಇನ್ನು ಸಂಪಿನ ಕೋಲು. ಒಂದು ಘನ ಅಡಿ ಜಾಗದಲ್ಲಿ 28.3 ಲೀಟರ್ ನೀರು ಹಿಡಿಯುತ್ತದೆ. ಎಂಟು ಅಡಿ ಉದ್ದ, ಆರು ಅಡಿ ಅಗಲದ ಸಂಪಿನಲ್ಲಿ ಒಂದು ಅಡಿ ಎತ್ತರಕ್ಕೆ ಸುಮಾರು 1,358 ಲೀಟರ್, ಒಂದು ಅಂಗುಲಕ್ಕೆ 113 ಲೀಟರ್. ಪಿವಿಸಿ ಪೈಪಿನ ತುಂಡಿಗೆ ಅಂಗುಲದ ಗುರುತು ಹಾಕಿ ಇಳಿಬಿಟ್ಟರೆ ಅಳತೆಗೋಲು ಸಿದ್ಧ. ಟ್ಯಾಂಕರ್ ನೀರು ಕೊಳ್ಳುವವರಿಗೆ ಇದರಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ. 6,000 ಲೀಟರ್ ಎಂದು ದುಡ್ಡು ಕೊಟ್ಟರೆ ಈ ಸಂಪಿನಲ್ಲಿ ನೀರು 53 ಅಂಗುಲ ಏರಬೇಕು. 45 ಅಂಗುಲಕ್ಕೇ ನಿಂತರೆ ಸುಮಾರು 900 ಲೀಟರ್ ಕಡಿಮೆ ಬಂದಿದೆ. ಟ್ಯಾಂಕರಿನವರ ಜೊತೆ ಜಗಳ ಬೇಡ, ಕೋಲು ತೋರಿಸಿ ಕೇಳಿ. ಟ್ಯಾಂಕರ್ ಖಾಲಿಯಾಗುವ ತನಕ ಮೋಟಾರ್ ಮಾತ್ರ ಹಾಕಬೇಡಿ.

ಸೋರಿಕೆಗೂ ಇದೇ ಕೋಲು. ರಾತ್ರಿ ಮಲಗುವಾಗ ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ ಬಿಟ್ಟು ಬೆಳಿಗ್ಗೆ ಅಳೆಯಿರಿ. ಮಟ್ಟ ಇಳಿದಿದ್ದರೆ ಸಂಪಿನಲ್ಲಿ ಸೋರಿಕೆ ಇದೆ. ಫ್ಲಶ್ ಟ್ಯಾಂಕಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಅದಕ್ಕೆ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಸಾಕು. ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟಾಗ ಕೆಳಗೆ ನೀಲಿ ಕಂಡರೆ ವಾಷರ್ ಹೋಗಿದೆ.

ಇಷ್ಟೆಲ್ಲ ಮಾಡಿ ಎಷ್ಟು ಉಳಿಯುತ್ತದೆ? ಅದು ನೀರಿನ ಮೂಲದ ಮೇಲೆ ನಿಂತಿದೆ. ಜಲಮಂಡಳಿಯ ಗೃಹಬಳಕೆ ದರಕ್ಕೆ ಸ್ಲ್ಯಾಬ್, ಅಂದರೆ ಹಂತಗಳಿವೆ: 8,000 ಲೀಟರ್ ತನಕ ಒಂದು ದರ, 25,000 ತನಕ ಇನ್ನೊಂದು, 50,000 ತನಕ ಮತ್ತೊಂದು, ಅದರ ಮೇಲೆ ಬೇರೆ. ಮುಂದಿನ ಹಂತದ ದರ ಬೀಳುವುದು ಮಿತಿ ದಾಟಿದ ನೀರಿಗೆ ಮಾತ್ರ, ಇಡೀ ಬಳಕೆಗಲ್ಲ. 2014ರಲ್ಲಿ ನಿಗದಿಯಾದ ದರ ಕಿಲೋಲೀಟರಿಗೆ ಕ್ರಮವಾಗಿ 7, 11, 26, 45 ರೂಪಾಯಿ. ಹತ್ತು ವರ್ಷ ಕದಲದಿದ್ದ ಈ ದರ 2025ರ ಏಪ್ರಿಲ್‌ನಲ್ಲಿ ಏರಿತು. ಆದರೂ 25,000 ಲೀಟರ್ ದಾಟದ ಮನೆಗೆ ಕಾವೇರಿ ಇಂದಿಗೂ ಅಗ್ಗ. ಟ್ಯಾಂಕರ್ ಹಾಗಲ್ಲ. 2024ರ ಮಾರ್ಚ್‌ನ ಬರಗಾಲದಲ್ಲಿ ಜಿಲ್ಲಾಡಳಿತ ದರಕ್ಕೆ ಮಿತಿ ಹಾಕಿದಾಗಲೂ ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, ಅಂದರೆ ಕಿಲೋಲೀಟರಿಗೆ 100 ಇತ್ತು. ಸೋರುವ ನಲ್ಲಿ ಇಂದಿರಾನಗರದ ಬಿಲ್ಲಿನಲ್ಲಿ ಕಾಣಿಸದೇ ಹೋಗಬಹುದು; ಟ್ಯಾಂಕರ್ ನಂಬಿದ ಮಹದೇವಪುರದ ಮನೆಯಲ್ಲಿ ಅದು ಸೀದಾ ಜೇಬಿಗೆ ಕೈ ಹಾಕುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಅದು ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ರೂಪುಗೊಂಡದ್ದು. ನಿಮ್ಮ ಬೀದಿಗೆ ಪೈಪ್ ಬಂದಿದ್ದರೆ ಸಂಪರ್ಕ ತೆಗೆದುಕೊಳ್ಳುವುದೇ ಜಾಣತನ.

ಶಿವಾಜಿನಗರದಂಥ ಕಡೆ ನಾಲ್ಕಾರು ಸಂಸಾರಕ್ಕೆ ಒಂದೇ ಮೀಟರ್ ಇರುವುದುಂಟು. ಬಿಲ್ ಹಂಚುವಾಗ ಮನೆಗಿಷ್ಟು ಎನ್ನುವುದಕ್ಕಿಂತ ತಲೆಗಿಷ್ಟು ಎನ್ನುವುದು ನ್ಯಾಯ. ಅದಕ್ಕೂ ಒಳ್ಳೆಯದು ಮೇಲಿನ ಟ್ಯಾಂಕಿನಿಂದ ಒಂದೊಂದು ಮನೆಗೆ ಇಳಿಯುವ ಪೈಪಿಗೆ ಸಣ್ಣ ಮೀಟರ್ ಕೂರಿಸುವುದು. ಅರ್ಧ ಇಂಚಿನದು ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಐಎಸ್‌ಐ ಗುರುತು ನೋಡಿ ಕೊಳ್ಳಿ, ಪ್ಲಂಬರ್ ಕೂಲಿ ಬೇರೆ. ಅಡುಗೆಮನೆ, ಬಚ್ಚಲು, ಪಾಯಿಖಾನೆಗೆ ಬೇರೆ ಬೇರೆ ಪೈಪ್ ಇಳಿದಿರುವ ಹಳೆಯ ಕಟ್ಟಡಗಳಲ್ಲಿ ಮನೆಯೊಂದಕ್ಕೆ ಮೂರು ಮೀಟರ್ ಬೇಕಾಗಬಹುದು. ಅಲ್ಲಿ ತಲೆ ಎಣಿಕೆಯೇ ವಾಸಿ.

ಬಿಲ್ ಏಕಾಏಕಿ ಏರಿದರೆ ಗಾಬರಿಯಾಗಬೇಡಿ. ಬಿಲ್ಲಿನ ರೀಡಿಂಗನ್ನೂ ಮೀಟರಿನ ಅಂಕಿಯನ್ನೂ ಹೋಲಿಸಿ ನೋಡಿ. ತಾಳೆಯಾಗದಿದ್ದರೆ ತಾರೀಖು ಕಾಣುವಂತೆ ಮೀಟರಿನ ಫೋಟೋ ತೆಗೆದಿಟ್ಟುಕೊಂಡು, ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ಹೇಳಿ ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಡಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳುವುದನ್ನು ಮರೆಯಬೇಡಿ.