ಡ್ರಿಪ್ ಹಾಕಿದ ಮೇಲೆ ಅಲ್ಲಾಡಬಾರದೆ?

‘ನೋವು ಬರೋಕೆ ಡ್ರಿಪ್ ಹಾಕಿದಾರೆ, ಸುಮ್ನೆ ಮಲಗಿರಮ್ಮ.’ ಲೇಬರ್ ವಾರ್ಡಿನಲ್ಲಿ ತಾಯಿ, ಅತ್ತೆ ಇಬ್ಬರೂ ಒಪ್ಪುವ ಅಪರೂಪದ ಮಾತಿದು. ಅಲ್ಲಾಡಿದರೆ ಸೂಜಿ ಚುಚ್ಚೀತು ಎಂಬ ಭಯ. ಆದರೆ ಕೈಯಲ್ಲಿ ಉಳಿದಿರುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಸೂಜಿಯನ್ನು ಆಗಲೇ ಹೊರಗೆ ತೆಗೆದಿರುತ್ತಾರೆ. ಮಗುವಿನ ಎದೆಬಡಿತ ನೋಡಲು ಹೊಟ್ಟೆಗೆ ಕಟ್ಟಿದ ಸಿಟಿಜಿ ಬೆಲ್ಟಿನ ವೈರು ಎಟುಕುವಷ್ಟರಲ್ಲಿ ಎದ್ದು ನಿಲ್ಲಬಹುದು, ಕುರ್ಚಿಯಲ್ಲಿ ಕೂರಬಹುದು. ಮಗುವಿನ ಎದೆಬಡಿತದ ಸದ್ದು ತಪ್ಪಿದರೆ ಸಿಸ್ಟರನ್ನು ಕರೆಯಿರಿ. ಎಷ್ಟೋ ಸಲ ಜಾರಿರುವುದು ಬೆಲ್ಟು ಅಷ್ಟೆ. ನಿಜಕ್ಕೂ ಬೇಡವಾದದ್ದು ಅಂಗಾತ ಮಲಗುವುದು. ಗರ್ಭದ ಭಾರವೆಲ್ಲ ದೊಡ್ಡ ರಕ್ತನಾಳಗಳ ಮೇಲೆ ಬೀಳುತ್ತದೆ. ನೀರು ಹೋಗಿದ್ದು, ಮಗುವಿನ ತಲೆ ಇನ್ನೂ ಮೇಲೆಯೇ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಏಳಬಾರದು.

ಬರಿಸಿದ ನೋವಿಗೆ ಶಾಖ, ನೀವುವುದು ಯಾವುದೂ ನಾಟುವುದಿಲ್ಲ ಎನ್ನುವವರೂ ಇದ್ದಾರೆ. ಇದರಲ್ಲಿ ಅರ್ಧ ನಿಜವಿದೆ. ಆಕ್ಸಿಟೋಸಿನ್ ಡ್ರಿಪ್ಪಿನ ನೋವು ಬೇಗ ಜೋರಾಗಬಹುದು, ಒಗ್ಗಿಕೊಳ್ಳಲು ಮೈಗೆ ಸಮಯ ಸಿಗುವುದಿಲ್ಲ. ಆದರೂ ಒತ್ತಡ, ಸ್ಪರ್ಶದ ಸಂದೇಶಗಳು ಬೆನ್ನುಹುರಿಯಲ್ಲೇ ನೋವಿನ ಸಂದೇಶವನ್ನು ತಗ್ಗಿಸಬಲ್ಲವು. ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತವಿದು. ಬಸುರಿ ಮಂಚಕ್ಕೆ ಕೈಯೂರಿ ಮುಂದೆ ಬಾಗಲಿ. ನೋವು ಏರುತ್ತಿದ್ದಂತೆ ಜೊತೆಗಿರುವವರು ಸೊಂಟದ ಕೆಳಗಿನ ಚಪ್ಪಟೆ ಮೂಳೆಯನ್ನು ಅಂಗೈಯ ಬುಡದಿಂದ ಬಲವಾಗಿ ಒತ್ತಿ ಹಿಡಿಯಬೇಕು, ಇಳಿದ ಮೇಲೆ ಬಿಡಬೇಕು. ಮೆಲ್ಲಗೆ ಸವರಿದರೆ ಸಾಲದು. ‘ಇನ್ನೂ ಒತ್ತು’ ಎನ್ನುವವರೇ ಹೆಚ್ಚು. ಹೀಗೆ ಒಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೂ ಹೇಳುತ್ತದೆ.

ಹಲ್ಲು ಕಚ್ಚಿ ಸಹಿಸುವುದೇ ಜಾಣತನ ಎಂಬುದು ಇನ್ನೂ ಅಪಾಯದ ನಂಬಿಕೆ. ಎರಡು ನೋವಿನ ನಡುವೆ ಬಿಡುವೇ ಇಲ್ಲ ಅನ್ನಿಸಿದರೆ ತಕ್ಷಣ ಹೇಳಿ. 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ಸಲ ಬರುತ್ತಿದ್ದರೆ ಡ್ರಿಪ್ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಅದು ಮಗುವಿನ ಉಸಿರಿನ ಪ್ರಶ್ನೆಯೂ ಹೌದು.

ಇನ್ನು, ಉಸಿರಾಟ ಕಲಿತರೆ ನೋವೇ ಇರುವುದಿಲ್ಲ ಎಂಬ ಮಾರಾಟದ ಮಾತು. ನೋವು ಇರುತ್ತದೆ, ಗಾಬರಿ ಕಡಿಮೆಯಾಗುತ್ತದೆ. ನಡುವೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವು ಮರೆಸುವ ಮದ್ದು) ಕೇಳಿದರೆ ಸೋಲೇನಲ್ಲ. ಆಮೇಲೂ ಮಗ್ಗುಲು ಬದಲಿಸಬಹುದು, ಕೈ ಹಿಡಿದು ಕೂರಬಹುದು. ಬಿಸಿನೀರಿನ ಬ್ಯಾಗ್ ಮಾತ್ರ ತೆಗೆದಿಡಿ: ಮರಗಟ್ಟಿದ ಸೊಂಟಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ.